ಸಕ್ಕರೆ ಕಾಯಿಲೆಯವರಿಗೆ ಎರಡೆರಡು ಕಾಣುವುದು: ಎಂಆರ್‌ಐ ಈಗಲೇ ಬೇಕೇ?

ಪ್ರಶ್ನೆ:
ನಮ್ಮ ತಂದೆಯವರಿಗೆ 62 ವರ್ಷ. ಬಹುಕಾಲದಿಂದ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇವೆ. ಕಳೆದ ವಾರದಿಂದ ಅವರಿಗೆ ದೂರದ ವಸ್ತುಗಳು ಅಕ್ಕಪಕ್ಕದಲ್ಲಿ ಎರಡಾಗಿ ಕಾಣುತ್ತಿವೆ, ಬಲಕ್ಕೆ ನೋಡಿದರಂತೂ ಇನ್ನೂ ಹೆಚ್ಚು. ಯಾವುದಾದರೂ ಒಂದು ಕಣ್ಣು ಮುಚ್ಚಿಕೊಂಡರೆ ಒಂದೇ ಕಾಣುತ್ತದೆ. ಕಣ್ಣಿನ ವೈದ್ಯರು ರೆಟಿನಾ ಚೆನ್ನಾಗಿದೆಯೆಂದೂ, ಬಲಗಣ್ಣಿನ ಆರನೆಯ ನರ ದುರ್ಬಲವಾಗಿದೆಯೆಂದೂ, ಅದು ತಾನಾಗಿಯೇ ಚೇತರಿಸಿಕೊಳ್ಳುತ್ತದೆಂದೂ ಹೇಳಿ, ಎಂಆರ್‌ಐ ಬರೆಯದೆ ಕಳುಹಿಸಿದ್ದಾರೆ. ಹೀಗೆ ಕಾಯುವುದು ಸರಿಯೇ?

ಉತ್ತರ 1 (ನರರೋಗ ವೈದ್ಯ):
ನೀವು ಹೇಳಿದಷ್ಟರಿಂದ ಅವರ ನಿರ್ಧಾರ ಅಸಹಜವೆನಿಸುವುದಿಲ್ಲ. ಕಣ್ಣುಗುಡ್ಡೆಯನ್ನು ಹೊರಕ್ಕೆ ತಿರುಗಿಸುವ ಸ್ನಾಯುವಿಗೆ ಆರನೆಯ ನರವೇ ಆಧಾರ. ಆ ನರವನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳು ಸಕ್ಕರೆ ಮತ್ತು ರಕ್ತದೊತ್ತಡದಿಂದ ಹಾಳಾಗಿ ರಕ್ತ ಸಾಲದೆ ಹೋದಾಗ ಕಣ್ಣು ಮೂಗಿನ ಕಡೆಗೆ ವಾಲುತ್ತದೆ. ಹೀಗಾದವರಲ್ಲಿ ಹೆಚ್ಚಿನವರು ಸುಮಾರು 3 ತಿಂಗಳೊಳಗೆ ಗುಣವಾಗುತ್ತಾರೆ. ಅಷ್ಟರಲ್ಲಿ ಸುಧಾರಿಸದಿದ್ದರೆ, ದಿನದಿಂದ ದಿನಕ್ಕೆ ಹೆಚ್ಚಿದರೆ ಅಥವಾ ಬೇರೆ ನರಗಳೂ ಸೋತರೆ ಸ್ಕ್ಯಾನ್ ಅನಿವಾರ್ಯ. ಆರಂಭದಲ್ಲೇ ಎಲ್ಲರಿಗೂ ಸ್ಕ್ಯಾನ್ ಮಾಡಿಸಬೇಕೆನ್ನುವ ವೈದ್ಯರೂ ಇದ್ದಾರೆ. ಆದುದರಿಂದ ನಿಮಗೆ ಆತಂಕವಿದ್ದರೆ ಕೇಳಿ ಮಾಡಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಒಂದನ್ನು ಮಾತ್ರ ಕಡೆಗಣಿಸಬೇಡಿ. ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ಹಿಗ್ಗಿದರೆ ಅದು ಮೂರನೆಯ ನರದ ತೊಂದರೆ. ಪಾಪೆಯನ್ನು ಕುಗ್ಗಿಸುವ ಎಳೆಗಳು ಆ ನರದ ಹೊರಮೈಯಲ್ಲಿರುವುದರಿಂದ ಸಕ್ಕರೆ ಕಾಯಿಲೆಯಲ್ಲಿ ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಮೆದುಳಿನ ರಕ್ತನಾಳ ಉಬ್ಬಿ ಹೊರಗಿನಿಂದ ಒತ್ತಿದಾಗ ಮೊದಲು ಪೆಟ್ಟು ತಿನ್ನುವುದು ಅವೇ. ಆಗ ಮರುದಿನಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಉತ್ತರ 2:
ನಮ್ಮ ಅತ್ತೆಯವರಿಗೂ ಹೀಗೇ ಆಗಿತ್ತು. ಕನ್ನಡಕದ ಒಂದು ಗಾಜಿಗೆ ಅರೆಪಾರದರ್ಶಕ ಟೇಪು ಅಂಟಿಸಿದ ಮೇಲೆ ತಲೆ ಸುತ್ತುವುದು ನಿಂತಿತು. ಮೆಟ್ಟಿಲು ಇಳಿಯುವಾಗ ಜೊತೆಗಿರಿ. ಸ್ಕೂಟರಿನ ಕೀಲಿಯನ್ನು ಸದ್ಯಕ್ಕೆ ತೆಗೆದಿಡಿ, ಅವರು ಬೇಸರಿಸಿಕೊಂಡರೂ ಸರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಪಾಪೆಗಳೆರಡೂ ಸಮನಾಗಿವೆ, ರೆಪ್ಪೆಯೂ ಜೋತುಬಿದ್ದಿಲ್ಲ. ಪರಿಚಯದವರೊಬ್ಬರು ನರಕ್ಕೆ ಬಿ12 ಚುಚ್ಚುಮದ್ದು ಹಾಕಿಸಿ ಎನ್ನುತ್ತಿದ್ದಾರೆ.

ಉತ್ತರ 1:
ಬಿ12 ಕೊರತೆಯಿದ್ದರೆ ಹಾಕಿಸಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಬಹುಕಾಲ ಸೇವಿಸಿದವರಲ್ಲಿ ಅದು ಕಡಿಮೆಯಾಗುವುದುಂಟು, ಹಾಗಾಗಿ ಪರೀಕ್ಷಿಸಿ ನೋಡಿ. ಆದರೆ ಆರನೆಯ ನರ ಚೇತರಿಸಿಕೊಳ್ಳಲು ಅದೇ ಮದ್ದೆಂದು ನಂಬಬೇಡಿ. ಅವರಿಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು ಇದೆಯೇ? ಇದ್ದರೆ ತಲೆಯ ರಕ್ತನಾಳಗಳ ಉರಿಯೂತವಿರಬಹುದು, ಅದರ ಸುಳಿವು ಕೊಡುವ ಇಎಸ್ಆರ್ ಮತ್ತು ಸಿಆರ್‌ಪಿ ರಕ್ತಪರೀಕ್ಷೆಗಳನ್ನು ಇಂದೇ ಮಾಡಿಸಿ.