ಪದ ಬೇಕಾಗಿದೆ: ಗೋಡೆಗೆ ಅಂಟಿಸುವ ಕಾರ್ಕ್ ಹಲಗೆಗೆ ಕನ್ನಡದಲ್ಲಿ ಏನನ್ನಬೇಕು?

ಬ್ರಿಸ್ಟಲ್‌ನಿಂದ

ಎಲ್ಲರಿಗೂ ನಮಸ್ಕಾರ. ಭಾನುವಾರ ರಾತ್ರಿಯೊಳಗೆ ನನಗೆ ಒಂದು ಪದ ಬೇಕು. ಸಾಧ್ಯವಾದರೆ ಮೂರು.

ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ನಮ್ಮ ಮನೆ ಗೋಡೆಯ ಬಗ್ಗೆ ಬರೆಯುತ್ತಿದ್ದೇನೆ. ನಮ್ಮದು ನೂರು ವರ್ಷ ದಾಟಿದ ಇಟ್ಟಿಗೆ ಮನೆ. 9 ಇಂಚಿನ ಗಟ್ಟಿ ಗೋಡೆ, ನಡುವೆ ಗಾಳಿಗೆ ಸಂದು ಬಿಟ್ಟಿಲ್ಲ. ಜನವರಿಯಲ್ಲಿ ಗೋಡೆ ಮುಟ್ಟಿದರೆ ಕೈ ಕೊರೆಯುತ್ತದೆ. ಮೊದಲು ಒಬ್ಬ ಗುತ್ತಿಗೆದಾರರ ಮಾತು ಕೇಳಿ ಒಂದು ಕೋಣೆಗೆ ಪ್ಲಾಸ್ಟಿಕ್ ಫೋಮ್ ಹಲಗೆ ಹಾಕಿಸಿದೆವು. ಎರಡನೇ ಚಳಿಗಾಲಕ್ಕೆ ಮೂಲೆಯಲ್ಲಿ ಬೂಷ್ಟು ಬಂತು. ಹಲಗೆ ಕಿತ್ತು ನೋಡಿದರೆ ಹಿಂದಿನ ಇಟ್ಟಿಗೆಯೆಲ್ಲ ಒದ್ದೆ. ಮಗನಿಗೆ ಉಬ್ಬಸ ಇದೆ, ಅವನು ಮಲಗೋದು ಅದೇ ಕೋಣೆಯಲ್ಲಿ. ಅದನ್ನೆಲ್ಲ ತೆಗೆಸಿ, ಗೋಡೆ ಪೂರ್ತಿ ಆರಿದ ಮೇಲೆ 40 ಮಿಲಿಮೀಟರ್ ದಪ್ಪದ ಕಾರ್ಕ್ ಹಲಗೆ ಅಂಟಿಸಿ, ಮೇಲೆ ಸುಣ್ಣದ ಗಾರೆ ಬಳಿದೆವು. ಈ ಸಲ ನಾನೂ ನನ್ನ ಗಂಡನೂ ಸೇರಿ ನಮ್ಮ ಕೈಯಾರೆ ಮಾಡಿದ ಕೆಲಸ.

ನನಗೆ ಬೇಕಾದ್ದು: ಒಂದು, ಈ ಹಲಗೆಗೆ ಹೆಸರು. ಅದು ಬರಹದ ತಲೆಬರಹದಲ್ಲೇ ಬರಬೇಕು. ಎರಡು, ಇನ್ಸುಲೇಶನ್ ಅನ್ನೋದಕ್ಕೆ ಮನೆ ಮಾತಿನ ಒಂದು ಪದ. ಮೂರು, ಇಲ್ಲಿನವರು ಈ ಗೋಡೆಯನ್ನು 'ಉಸಿರಾಡುವ ಗೋಡೆ' ಅಂತಾರೆ. ಕನ್ನಡದಲ್ಲಿ ಹಾಗೇ ಬರೆಯಲು ನನಗೆ ಮನಸ್ಸಿಲ್ಲ. ಓದುವವರಲ್ಲಿ ಊರಿಂದ ಬಂದ ಅಪ್ಪ ಅಮ್ಮಂದಿರೂ ಇದ್ದಾರೆ. ಅವರಿಗೆ ತಿಳಿಯಬೇಕು.

ಮೈಸೂರಿನಿಂದ

ಉಷ್ಣ ನಿರೋಧಕ ಫಲಕ. ವಿಜ್ಞಾನ ಬರಹಗಳಲ್ಲಿ ಬಹಳ ಕಾಲದಿಂದ ಇದೆ. ಇದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ.

ಶಿವಮೊಗ್ಗದಿಂದ

ಚರ್ಚೆ ಮಾಡೋಕೆ ಬಹಳ ಇದೆ ಸರ್. ಮೇಡಂ ಕೇಳಿದ್ದು ಅಪ್ಪ ಅಮ್ಮಂದಿರಿಗೆ ತಿಳಿಯುವ ಪದ. ನೀವು ಕೊಟ್ಟ ಮೂರು ಪದದಲ್ಲಿ ಒಂದೂ ಅಡುಗೆಮನೆಯಲ್ಲಿ ಕೇಳಿಸೋದಿಲ್ಲ.

ಮೇಡಂ, ಪದ ಕಟ್ಟುವ ಕೆಲಸವೇ ಬೇಡ, ಪದ ಆಗಲೇ ಇದೆ. ಬೆಂಡು. ಮದುವೆ ಬಾಸಿಂಗ ಮಾಡೋದು ಯಾವುದರಿಂದ? ಬೆಂಡಿನಿಂದ. ಬಲೆ ಮುಳುಗದ ಹಾಗೆ ಮೀನುಗಾರರು ಏನು ಕಟ್ಟುತ್ತಿದ್ದರು? ಬೆಂಡು. ಜಾತ್ರೆಯಲ್ಲಿ ಬತ್ತಾಸಿನ ಜೊತೆ ಕೊಳ್ಳುವ ಸಿಹಿಗೂ ಅದೇ ಹೆಸರು. ಕೈಗೆ ಹಗುರ, ಹಲ್ಲಿಗೆ ಪೊಳ್ಳು. ಹಗುರವಾಗಿ, ಒಳಗೆ ಗಾಳಿ ಹಿಡಿದುಕೊಂಡು ಇರುವ ಯಾವುದೇ ವಸ್ತುವಿಗೆ ನಮ್ಮ ಜನ ಬೆಂಡು ಅಂದಿದ್ದಾರೆ. ಕಾರ್ಕ್ ಅಂದರೂ ಅದೇ. ಬೆಂಡಿನ ಹಲಗೆ ಅಂತ ಬರೆಯಿರಿ, ಮುಗಿಯಿತು.

ನನ್ನ ಪ್ರಕಾರ ಈ ಪದದ ಬೇರು ಬೆಳ್, ಅಂದರೆ ಬಿಳಿ. ಬೆಳ್ಳಿ, ಬೆಣ್ಣೆ, ಬೆಳದಿಂಗಳು, ಹಾಗೇ ಬೆಂಡು. ಬಾಸಿಂಗದ ಬೆಂಡು ಎಷ್ಟು ಬೆಳ್ಳಗಿರುತ್ತದೆ ನೋಡಿ. ಈ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಮೈಸೂರಿನಿಂದ

ಬೆಣ್ಣೆಗೆ ಆ ಬೇರು ಸರಿ. ಬೆಂಡಿಗೆ ಆಧಾರ ಕೊಡಿ. ಬಣ್ಣ ನೋಡಿ ಬೇರು ಹೇಳಬಾರದು.

ಬೆಂಗಳೂರಿನಿಂದ

ಬೇರಿನ ಜಗಳ ಆಮೇಲೆ ಆಗಲಿ. ನಾನು ಸಸ್ಯಶಾಸ್ತ್ರ ಪಾಠ ಮಾಡಿದವಳು. ಇಲ್ಲಿ ಒಂದು ತಪ್ಪಾಗುತ್ತಿದೆ, ಅದನ್ನು ಹೇಳಲೇಬೇಕು.

ಬೆಂಡು ಗಿಡದ ಒಳಗಿನ ಭಾಗ. ಕಾಂಡದ ನಡುವೆ ಇರುವ ಮೆತ್ತನೆಯ ತಿರುಳು. ಕಾರ್ಕ್ ಹೊರಗಿನದು. ಅದು ತೊಗಟೆ. ಕಾರ್ಕ್ ಓಕ್ ಅನ್ನುವ ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ. ಆಮೇಲೆ ಕನಿಷ್ಠ 9 ವರ್ಷ ಅದರ ತಂಟೆಗೆ ಹೋಗುವ ಹಾಗಿಲ್ಲ. ಲೆಕ್ಕ ತಪ್ಪಬಾರದು ಅಂತ ಸುಲಿದ ವರ್ಷದ ಕೊನೆಯ ಅಂಕಿಯನ್ನು ಬೊಡ್ಡೆಯ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಮರ ಕಡಿಯುವುದಿಲ್ಲ. ತೊಗಟೆ ಮತ್ತೆ ಬೆಳೆಯುತ್ತದೆ. ಇಂಥ ವಸ್ತುವಿನ ಹೆಸರಿನಲ್ಲಿ ತೊಗಟೆ ಅನ್ನೋ ಪದ ಇಲ್ಲದಿದ್ದರೆ ವಿಷಯವೇ ಬಿಟ್ಟುಹೋದ ಹಾಗೆ.

ಕನ್ನಡದಲ್ಲಿ ಇನ್ನೊಂದು ಪದವೂ ಇದೆ. ನಮ್ಮ ಬೀದಿಗಳಲ್ಲಿ ಬಿಳಿ ಹೂ ಉದುರಿಸುವ ಆಕಾಶಮಲ್ಲಿಗೆ ಮರ ಇದೆಯಲ್ಲ, ಅದಕ್ಕೆ ಬಿರಟೆ ಮರ ಅಂತಲೂ ಹೆಸರು. ಅದರ ತೊಗಟೆಯಿಂದ ಶೀಸೆಯ ಬಿರಟೆ ಮಾಡುತ್ತಿದ್ದರು, ಗುಣದಲ್ಲಿ ಅಸಲಿ ಕಾರ್ಕಿಗಿಂತ ಕಡಿಮೆಯದು. ಹಾಗಾಗಿ 'ಬಿರಟೆ ತೊಗಟೆ' ಅನ್ನಬಹುದು.

ಧಾರವಾಡದಿಂದ

ನಮ್ಮ ಕಡೆ ಬೂಚು ಅಂತೀವ್ರಿ. ಬಾಟ್ಲಿ ಬೂಚು ಅಂದರೆ ಕೂಸಿಗೂ ತಿಳಿಯುತ್ತದೆ. ಬೂಚಿನ ಹಲಗೆ ಅನ್ನಬಹುದಲ್ಲ?

ಶಿವಮೊಗ್ಗದಿಂದ

ಬೂಚು ಮರಾಠಿಯದು. ಬೆಂಡು ಇರುವಾಗ ಅದು ಬೇಡ.

ಧಾರವಾಡದಿಂದ

ಮರಾಠಿಯದು ಅಂದರೇನು ಸರ್? ನಮ್ಮಜ್ಜಿ ಆಡಿದ ಮಾತು ಅದು. ಗೋಡೆಗೆ ಗಾರೆ ಬಳಿಯೋದಕ್ಕೆ ನಾವು ಗಿಲಾವು ಅಂತೀವಿ. ಅದೂ ಆ ಕಡೆಯಿಂದಲೇ ಬಂದದ್ದು. ಅದನ್ನೂ ಬಿಡಬೇಕಾ? ಹಳೇ ಮೈಸೂರಿನ ಮಾತು ಅಚ್ಚಗನ್ನಡ, ನಮ್ಮ ಮಾತು ಸಾಲದ್ದು ಅನ್ನೋ ಲೆಕ್ಕ ಈ ಗುಂಪಿನಲ್ಲಿ ಎಷ್ಟು ಸಲ ಕೇಳಿದ್ದೀನಿ. ಪ್ರತಿ ಸಲವೂ ನೋವಾಗುತ್ತದೆ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಉಡುಪಿಯಿಂದ

ಧಾರವಾಡದವರ ಮಾತು ನನಗೂ ಸರಿ ಕಾಣುತ್ತದೆ. ಗೋಡೆ ಕಟ್ಟುವವರನ್ನು ನಾವೆಲ್ಲ ಏನೆಂದು ಕರೆಯುತ್ತೇವೆ? ಮೇಸ್ತ್ರಿ. ಅದು ಪೋರ್ಚುಗೀಸರ ಮೆಸ್ತ್ರೆ. ಆ ಗೋಡೆಯ ಬಾಗಿಲಿನ ಚಾವಿ ಅವರದು. ಒಳಗಿನ ಅಲಮಾರೂ ಅವರದೇ. ಹಡಗಿನಲ್ಲಿ ವಸ್ತು ಬಂತು, ಜೊತೆಗೆ ಹೆಸರು ಬಂತು, ನಮ್ಮ ಬಾಯಿಗೆ ಹೊಂದಿಕೊಂಡಿತು. ಈಗ ಅದೇ ಪೋರ್ಚುಗಲ್ಲಿನಿಂದ ಈ ತೊಗಟೆ ಬರುತ್ತಿದೆ. ಅವರು ಅದಕ್ಕೆ ಕುರ್ತೀಸ ಅಂತಾರೆ. ಇಂಗ್ಲಿಷಿನ ಕಾರ್ಕ್ ಕೂಡ ಇಂಗ್ಲಿಷರ ಸ್ವಂತದ್ದಲ್ಲ. ಸ್ಪೇನಿನ ಕಡೆಯಿಂದ ತಂದದ್ದು. ಅಲ್ಲಿಗೆ ಅರಬರ ಬಾಯಿಂದ ಬಂದಿತ್ತು. ಆ ಮರ ಬೆಳೆಯದ ದೇಶದವರು ಹೆಸರನ್ನು ಸಾಲ ತಂದರು, ಅಷ್ಟೇ. ನಾವೂ ಕಾರ್ಕ್ ಅಂತಲೇ ಅಂದರೆ ಯಾರ ಮಾನವೂ ಹೋಗುವುದಿಲ್ಲ.

ಶಿವಮೊಗ್ಗದಿಂದ

ಸಾಲ ತರಬಾರದು ಅಂತ ನಾನು ಹೇಳಿಲ್ಲ ಸರ್. ಮನೆಯಲ್ಲಿ ಅಕ್ಕಿ ಇರುವಾಗ ಪಕ್ಕದ ಮನೆಗೆ ಪಾವು ಹಿಡಿದು ಹೋಗಬಾರದು ಅಂದೆ. ಚಾವಿ, ಅಲಮಾರು ಬಂದಾಗ ಆ ವಸ್ತುಗಳು ಹೊಸವು. ಬೆಂಡು ನಮಗೆ ಹೊಸದಲ್ಲ. ಧಾರವಾಡದವರಿಗೆ ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮಿಸಿ. ಆದರೂ ಬೂಚು, ಬಿರಟೆ ಎರಡೂ ಇಲ್ಲಿಗೆ ಹೊಂದುವುದಿಲ್ಲ. ಅವೆರಡೂ ಶೀಸೆಯ ಬಾಯಿ ಮುಚ್ಚುವ ವಸ್ತುವಿನ ಹೆಸರು. ವಸ್ತು ಯಾವುದರಿಂದ ಆಗಿದೆ ಅನ್ನೋದರ ಹೆಸರಲ್ಲ. ಗಾಜಿನ ಬಿರಟೆಯೂ ಇರುತ್ತದೆ ಅಲ್ವಾ?

ಬೆಂಗಳೂರಿನ ಮೇಡಂಗೆ ಒಂದು ಮಾತು. ಜನ ಹೆಸರಿಡುವಾಗ ಗಿಡದ ಒಳಗೋ ಹೊರಗೋ ಅಂತ ಕೊಯ್ದು ನೋಡಲಿಲ್ಲ. ಕೈಯಲ್ಲಿ ಹಿಡಿದು ನೋಡಿದರು.

ಬೆಂಗಳೂರಿನಿಂದ

ಕೊಯ್ದು ನೋಡಿದವರೂ ಇದ್ದಾರೆ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಚೂರು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಾಲುಸಾಲು ಪುಟ್ಟ ಕೋಣೆಗಳು ಕಂಡವು. ಅವಕ್ಕೆ ಸೆಲ್ ಅಂದರು. ನಾವು ಇಂದು ಜೀವಕೋಶ ಅನ್ನುವ ಪದದ ಹಿಂದೆ ಇರುವುದು ಅದೇ ಕಾರ್ಕ್ ಚೂರು. ಆ ಕೋಣೆಗಳಲ್ಲಿ ಗಾಳಿ ಇದೆ, ಸುತ್ತ ಮೇಣದಂಥ ಗೋಡೆ ಇದೆ. ಗಾಳಿ ಆಚೀಚೆ ಓಡಾಡಲಾರದು. ಶಾಖ ದಾಟುವುದು ನಿಧಾನವಾಗುವುದು ಅದಕ್ಕೇ. ನಿಜ ಹೇಳಬೇಕೆಂದರೆ ಒಣಗಿದ ಬೆಂಡೂ ಹಗುರವಾಗಿರುವುದು ಗಾಳಿ ತುಂಬಿದ ಇಂಥ ಕೋಣೆಗಳಿಂದಲೇ. ನಿಮ್ಮ ಮಾತಿನಲ್ಲಿ ಅಷ್ಟು ಹುರುಳಿದೆ, ಒಪ್ಪುತ್ತೇನೆ. ಆದರೆ ತೊಗಟೆಯನ್ನು ಬಿಡಲಾರೆ.

ಹಾಸನದಿಂದ

ನಾನು ಸಿವಿಲ್ ಎಂಜಿನಿಯರ್. ಮೂವತ್ತು ವರ್ಷ ಮೇಸ್ತ್ರಿಗಳ ಜೊತೆ ಕೆಲಸ ಮಾಡಿದ್ದೇನೆ. ಅಕ್ಕಾ, ನಿಮ್ಮ ಎರಡನೇ ಮತ್ತು ಮೂರನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

'ಉಷ್ಣ ನಿರೋಧಕ' ನಿಮ್ಮ ಬರಹದಲ್ಲಿ ಓದುಗರ ದಾರಿ ತಪ್ಪಿಸುತ್ತದೆ. ಉಷ್ಣ ಅಂದಕೂಡಲೇ ನಮ್ಮ ಹಿರಿಯರಿಗೆ ಹೊಳೆಯೋದು ಸೆಕೆ, ಇಲ್ಲವೇ ಮೈಗೆ ಉಷ್ಣವಾಗೋದು. ಉಷ್ಣ ತಡೆಯುವ ಹಲಗೆ ಅಂದರೆ ಬಿಸಿಲಿಗೆ ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ನೀವಿರೋದು ಚಳಿ ದೇಶದಲ್ಲಿ. ನೀವು ಮಾಡಿದ್ದು ಒಳಗಿನ ಬಿಸಿ ಹೊರಗೆ ಹೋಗದ ಹಾಗೆ. ಕಲಬುರಗಿಯ ಪಡುಗೋಡೆಗೆ ಇದೇ ಹಲಗೆ ಹಾಕಿದರೆ ಹೊರಗಿನ ಬಿಸಿ ಒಳಗೆ ಬಾರದ ಹಾಗೆ. ವಸ್ತು ಒಂದೇ, ದಿಕ್ಕು ಬೇರೆ. ಶಾಖತಡೆ ಅಂದರೂ ಆ ತೊಡಕು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಹೊದಿಕೆ ಅನ್ನಿ. ಗೋಡೆಗೆ ಹೊದಿಕೆ. ಚಳಿಗೆ ಕಂಬಳಿ ಹೊದೆಯುತ್ತೇವೆ. ಅದೇ ಕಂಬಳಿ ಐಸ್ ಗಡ್ಡೆಗೆ ಸುತ್ತಿದರೆ ಐಸ್ ಬೇಗ ಕರಗಲ್ಲ. ದಿಕ್ಕಿನ ಗೊಡವೆ ಇಲ್ಲ.

'ಉಸಿರಾಡುವ ಗೋಡೆ' ಬೇಡವೇ ಬೇಡ. ಗೋಡೆ ಉಸಿರಾಡುವುದಿಲ್ಲ. ಒಳಸೇರಿದ ತೇವ ಆರಿಹೋಗಲು ಬಿಡುತ್ತದೆ. 'ತೇವ ಆರಗೊಡುವ ಗೋಡೆ' ಅಂದರೆ ಸಾಕು. ನಮ್ಮ ಹಳೆಯ ಮಣ್ಣಿನ ಗೋಡೆ, ಸುಣ್ಣದ ಗಾರೆ ಎಲ್ಲ ಹಾಗೇ ಇದ್ದವು. ನಿಮ್ಮ ಮೊದಲ ಕೋಣೆಯಲ್ಲಿ ಆದದ್ದೂ ಅದೇ. ಮನೆಯೊಳಗಿನ ಹಬೆ ಹಲಗೆಯ ಸಂದಿನಿಂದ ನುಗ್ಗಿ, ತಣ್ಣನೆ ಇಟ್ಟಿಗೆಗೆ ತಾಗಿ ನೀರಾಯಿತು. ಫೋಮ್ ಅದನ್ನು ಆರಲು ಬಿಡಲಿಲ್ಲ.

ಕೆಲಸದ ಮಾತುಗಳೂ ಬೇಕಾಗುತ್ತವೆ ಅನ್ನಿಸುತ್ತದೆ. ಹಲಗೆ ಅಂಟಿಸುವ ಗಾರೆಯನ್ನು ಗೆರೆಗೆರೆಯಾಗಿ ಎಳೆಯುವ ಸಾಧನಕ್ಕೆ ಹಲ್ಲಿನ ಕರಣೆ ಅನ್ನಿ. ಕೆಳಗಿನ ಸಾಲು ಕೂರಿಸುವಾಗ ರಸಮಟ್ಟ ಇಟ್ಟು ನೋಡಬೇಕು, ಅದು ಓರೆಯಾದರೆ ಮೇಲಿನದೆಲ್ಲ ಓರೆ. ಹಲಗೆಗಳನ್ನು ಇಟ್ಟಿಗೆ ಕಟ್ಟಿದ ಹಾಗೇ ಕೂರಿಸಬೇಕು, ಅಂದರೆ ಸಂದಿನ ಮೇಲೆ ಸಂದು ಬರಬಾರದು. ಒಂದಕ್ಕೊಂದು ಒತ್ತಿ ಕೂರಿಸಿ, ನಡುವೆ ಗಾರೆ ಸೇರದ ಹಾಗೆ ನೋಡಿಕೊಳ್ಳಬೇಕು. ಗಾರೆ ಸೇರಿದ ಕಡೆ ಚಳಿ ಒಳಗೆ ಬರುತ್ತದೆ. ಇದನ್ನೆಲ್ಲ ಹೇಳಲು ಒಂದೂ ಹೊಸ ಪದ ಬೇಕಿಲ್ಲ.

ಬೆಂಡು ಬಗ್ಗೆ ನನಗಿರುವ ಒಂದೇ ಭಯ ಥರ್ಮೊಕೋಲ್. ನಮ್ಮ ಸೈಟಿನ ಹುಡುಗರು ಅದಕ್ಕೂ ಬೆಂಡು ಅಂತಾರೆ. ನೀವು ಕಿತ್ತು ಬಿಸಾಡಿದ್ದು ಆ ಜಾತಿಯದೇ ವಸ್ತು. ಬರೀ 'ಬೆಂಡಿನ ಹಲಗೆ' ಅಂತ ಬರೆದರೆ ಯಾರಾದರೂ ಥರ್ಮೊಕೋಲ್ ತಂದು ಅಂಟಿಸಿಯಾರು. ಅವರ ಮನೆಗೂ ಬೂಷ್ಟು ಬರುತ್ತದೆ.

ಶಿವಮೊಗ್ಗದಿಂದ

ಥರ್ಮೊಕೋಲ್ ವಿಷಯ ನನಗೆ ಹೊಳೆದಿರಲಿಲ್ಲ. ಅದು ದೊಡ್ಡ ತೊಡಕೇ. ಹಾಗಾದರೆ ಇಬ್ಬರ ಮಾತನ್ನೂ ಕೂಡಿಸೋಣ. ತೊಗಟೆಬೆಂಡು. ಯಾವ ಬೆಂಡು ಅಂದರೆ ತೊಗಟೆಯ ಬೆಂಡು. ಥರ್ಮೊಕೋಲಿಗೆ ತೊಗಟೆ ಎಲ್ಲಿಂದ ಬರಬೇಕು?

ಮೈಸೂರಿನಿಂದ

ಬೆಂಡು ಅಂದರೆ ಸತ್ವ ಇಲ್ಲದ್ದು ಅಂತಲೂ ಅರ್ಥ. ದುಡಿದು ಬೆಂಡಾದೆ ಅನ್ನುತ್ತೇವೆ. ಮನೆ ಗೋಡೆಗೆ ಆ ಪದ ಅಷ್ಟು ಚೆನ್ನಾಗಿಲ್ಲ. ಆದರೆ ತೊಗಟೆಬೆಂಡು ಸಮಾಸವಾಗಿ ಸರಿಯಿದೆ. 'ಹೊದಿಕೆ'ಯನ್ನು ನಾನು ಒಪ್ಪುವುದಿಲ್ಲ. ಮುಂದೆ ಯಾರಾದರೂ ವಿದ್ಯುತ್ ತಂತಿಯ ಇನ್ಸುಲೇಶನ್ ಬಗ್ಗೆ ಬರೆದರೆ ಏನು ಮಾಡುತ್ತಾರೆ?

ಹಾಸನದಿಂದ

ಅದು ಬೇರೆ ಕೆಲಸ ಸರ್, ಬೇರೆ ಪದ ಇರಲಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇದೆ ಅಂತ ಕನ್ನಡದಲ್ಲೂ ಒಂದೇ ಇರಬೇಕು ಅಂತ ಎಲ್ಲಿದೆ?

ಬ್ರಿಸ್ಟಲ್‌ನಿಂದ

ಎಲ್ಲರಿಗೂ ವಂದನೆಗಳು. ನಿಮ್ಮ ಓಲೆಗಳನ್ನು ಮಾವನವರಿಗೆ ಜೋರಾಗಿ ಓದಿ ಹೇಳಿದೆ. ಅವರು ಅರಸೀಕೆರೆಯಿಂದ ಬಂದು ನಮ್ಮ ಜೊತೆ ಇದ್ದಾರೆ. ಉಳಿದಿದ್ದ ಒಂದು ಹಲಗೆಯನ್ನು ಅವರ ಕೈಗೆ ಕೊಟ್ಟೆ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ತೂಕ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ. ಮೂಸಿ ನೋಡಿ, 'ಹೊಗೆ ವಾಸನೆ ಇದೆ, ಸುಟ್ಟಿದ್ದಾರೆ' ಅಂದರು. ಸರಿಯಾಗೇ ಹೇಳಿದರು. ತೊಗಟೆಯ ಹರಳುಗಳನ್ನು ಬಿಸಿ ಹಬೆಯಲ್ಲಿ ಉಬ್ಬಿಸುತ್ತಾರೆ. ಬೇರೆ ಅಂಟು ಹಾಕುವುದಿಲ್ಲ. ಅದರದೇ ರಾಳ ಹರಳುಗಳನ್ನು ಹಿಡಿದುಕೊಳ್ಳುತ್ತದೆ. ಬಣ್ಣ ಕಪ್ಪುಗಂದು ಆಗೋದೂ ಆಗಲೇ. ಆಮೇಲೆ ಉಗುರಿನಿಂದ ಒತ್ತಿ ನೋಡಿ 'ಇದು ಮರದ ಬೆಂಡು ಕಣಮ್ಮ' ಅಂದರು. ನಾನು ಇನ್ನೂ ಯಾವ ಪದವನ್ನೂ ಆರಿಸಿಕೊಂಡಿರಲಿಲ್ಲ.

ಹೀಗಾಗಿ ತಲೆಬರಹ: 'ಚಳಿಗೋಡೆಗೆ ತೊಗಟೆಬೆಂಡಿನ ಹೊದಿಕೆ'. ಮೊದಲ ಸಾಲಿನಲ್ಲಿ ಒಮ್ಮೆ ಕಾರ್ಕ್ ಅಂತ ಹೇಳುತ್ತೇನೆ. ಅಂಗಡಿಯಲ್ಲಿ ಕೇಳುವಾಗ ಆ ಪದವೇ ಬೇಕು. ಉಡುಪಿಯ ಸರ್, ಮೇಸ್ತ್ರಿ ಪದದ ನಂಟನ್ನು ಒಂದು ಪ್ಯಾರಾದಲ್ಲಿ ಬರೆಯಲು ನಿಮ್ಮ ಒಪ್ಪಿಗೆ ಕೊಡಿ. ಧಾರವಾಡದವರೇ, ಗಾರೆಯ ಜೊತೆಗೆ ಗಿಲಾವು ಅಂತಲೂ ಬರೆದಿದ್ದೇನೆ. ಇಲ್ಲಿ ಓದುವವರಲ್ಲಿ ಬೆಳಗಾವಿ, ಹುಬ್ಬಳ್ಳಿಯವರೂ ಇದ್ದಾರೆ.

ಇನ್ನೊಂದು ಉಳಿದಿದೆ. ಗಾರೆಯೊಳಗೆ ಹುದುಗಿಸುವ ಗಾಜುನಾರಿನ ಬಲೆ. ಒಂದು ಪಟ್ಟಿಯ ಅಂಚು ಇನ್ನೊಂದರ ಮೇಲೆ 10 ಸೆಂಟಿಮೀಟರ್ ಬರಬೇಕು. ಇದಕ್ಕೆ ಬಲೆ ಅನ್ನಲೋ ಜಾಳಿಗೆ ಅನ್ನಲೋ? ನಾಳೆ ಸಂಜೆಯೊಳಗೆ ಹೇಳಿದರೆ ಸಾಕು.

ಧಾರವಾಡದಿಂದ

ಜಾಳಿಗೆ. ಬಲೆ ಮೀನಿಗೆ.

ಉಡುಪಿಯಿಂದ

ಬಲೆಯೇ ಸರಿ. ಜಾಳಿಗೆ ಅಂದರೆ ನಮಗೆ ಚೀಲ. ಮೇಸ್ತ್ರಿ ವಿಷಯ ಧಾರಾಳವಾಗಿ ಬರೆಯಿರಿ ಮೇಡಂ.