ಟರ್ಕಿಯ ಸರ್ಕಾರಿ ಶಾಲೆಗೆ ನಮ್ಮ ಮಕ್ಕಳು: ಕೇಳಿದವರಿಗೆ ನಾಲ್ವರ ಅನುಭವ

ಕೇಳಿದ್ದು:

ಪತಿಗೆ ಇಜ್ಮಿರ್‌ನಲ್ಲಿ ಕೆಲಸ ಸಿಕ್ಕಿದೆ. ಬೇಸಿಗೆಯಲ್ಲಿ ಮೈಸೂರಿನಿಂದ ಹೊರಡುತ್ತೇವೆ. ಮಗನಿಗೆ ಆರು ವರ್ಷ, ಮಗಳಿಗೆ ಹನ್ನೊಂದು. ಅಂತರರಾಷ್ಟ್ರೀಯ ಶಾಲೆಯ ಶುಲ್ಕ ನಮ್ಮ ಕೈಗೆ ಎಟುಕುವಂತಿಲ್ಲ. ಮನೆಯ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಬಹುದೇ? ಇಬ್ಬರಿಗೂ ತುರ್ಕಿ ಭಾಷೆಯ ಗಂಧಗಾಳಿ ಇಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಊರಿಗೆ ಮರಳುವ ಯೋಚನೆಯೂ ಇದೆ.

ಇಜ್ಮಿರ್‌ನ ಬೊರ್ನೊವಾದಿಂದ ಒಬ್ಬ ತಾಯಿ:

ಮಗನ ವಿಷಯದಲ್ಲಿ ಹಿಂದೆಮುಂದೆ ನೋಡಬೇಡಿ, ಸೇರಿಸಿಬಿಡಿ. ಒಂದನೇ ತರಗತಿಯಲ್ಲಿ ಇಲ್ಲಿನ ಮಕ್ಕಳೂ ಅಕ್ಷರ ತಿದ್ದುವುದರಿಂದಲೇ ಶುರು ಮಾಡುತ್ತಾರೆ. 1928ರಲ್ಲಿ ಜಾರಿಗೆ ಬಂದ ರೋಮನ್ ಮೂಲದ ಲಿಪಿಯಲ್ಲಿ ಇರುವುದು 29 ಅಕ್ಷರ; ಬರೆದಂತೆ ಓದು, ಇಂಗ್ಲಿಷ್ ಸ್ಪೆಲ್ಲಿಂಗಿನ ಕಾಟವಿಲ್ಲ. ಹಾಗಾಗಿ ಅರ್ಥ ಪೂರ್ತಿ ತಿಳಿಯುವ ಮೊದಲೇ ಮಗು ಗಟ್ಟಿಯಾಗಿ ಓದತೊಡಗುತ್ತದೆ, ಓದಬಲ್ಲೆ ಎಂಬ ಧೈರ್ಯ ಮಾತನ್ನೂ ಹೊರಡಿಸುತ್ತದೆ. ನಮ್ಮ ಮಗ ಜನವರಿಯ ರಜೆಯವರೆಗೆ ತರಗತಿಯಲ್ಲಿ ಬಾಯಿಯೇ ಬಿಡಲಿಲ್ಲ. ಆದರೆ ಮನೆಗೆ ಬಂದವನು ಗೊಂಬೆಗಳನ್ನು ಸಾಲಾಗಿ ಕೂರಿಸಿ, ತಾನೇ ಟೀಚರಾಗಿ ತುರ್ಕಿಯಲ್ಲಿ ಗದರುತ್ತಿದ್ದ. ಭಾಷೆ ಒಳಗೆ ಕೂಡಿಕೊಳ್ಳುತ್ತಿದೆ ಎಂದು ನಮಗೆ ತಿಳಿದದ್ದು ಹಾಗೆ. ವರ್ಷದ ಕೊನೆಗೆ ತರಗತಿಯಲ್ಲಿ ನಡೆಯುವ ಓದಿನ ಹಬ್ಬದಲ್ಲಿ ಎಲ್ಲರ ಜೊತೆ ನಿಂತು ತನ್ನ ಸಾಲು ಓದಿದ. ಆ ಮೌನದ ತಿಂಗಳುಗಳಲ್ಲಿ "ಇವತ್ತು ಏನು ಮಾತಾಡಿದೆ" ಎಂದು ದಿನವೂ ಕೆದಕಬೇಡಿ. ಹೋಗುವ ಮೊದಲು ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿಸಿ: "ತುವಾಲೆತೆ ಗಿದೆಬಿಲಿರ್ ಮಿಯಿಮ್", ಶೌಚಾಲಯಕ್ಕೆ ಹೋಗಬಹುದೇ ಎಂದು. ಮೊದಲ ವಾರ ಮಗು ಅಳುವುದು ಬಹುಪಾಲು ಇದೊಂದನ್ನು ಕೇಳಲಾಗದೆ.

ನನ್ನನ್ನು ಕೇಳಿದರೆ ಶಾಲೆಯ ಹೆಸರಿಗಿಂತ ಟೀಚರ್ ಮುಖ್ಯ. ಒಂದರಿಂದ ನಾಲ್ಕನೇ ತರಗತಿಯವರೆಗೆ ಸಾಮಾನ್ಯವಾಗಿ ಒಬ್ಬರೇ ಶಿಕ್ಷಕರು ಅದೇ ಮಕ್ಕಳ ಜೊತೆ ಮೇಲಕ್ಕೆ ಸಾಗುತ್ತಾರೆ. ಒಳ್ಳೆಯವರು ಸಿಕ್ಕರೆ ನಾಲ್ಕು ವರ್ಷ ನಿಶ್ಚಿಂತೆ. ದಾಖಲಾತಿಗೆ ಮೊದಲು ಶಾಲೆಯ ಗೇಟಿನ ಬಳಿ ನಿಂತ ತಾಯಂದಿರನ್ನು ಮಾತಾಡಿಸಿ. ಈ ವರ್ಷ ನಾಲ್ಕನೇ ತರಗತಿ ಮುಗಿಸಿ ಮತ್ತೆ ಒಂದಕ್ಕೆ ಇಳಿಯುವ ಶಿಕ್ಷಕರು ಯಾರು, ಹೇಗೆ ಎಂದು ಅವರು ಬಾಯಿತುಂಬ ಹೇಳುತ್ತಾರೆ. ಭೇಟಿಗೆ ಹೋದಾಗ ಮುಖ್ಯ ಶಿಕ್ಷಕರ ಹತ್ತಿರ ಹೆಸರು ಹಿಡಿದು ಕೇಳಿ.

ಬೆಸ್ಲೆನ್ಮೆ ಎಂಬ ತಿಂಡಿಯ ಹೊತ್ತಿಗೆ ಬುತ್ತಿ ಮನೆಯಿಂದಲೇ ಹೋಗಬೇಕು. ಯಾವ ದಿನ ಏನು ಎಂದು ಅನೇಕ ಟೀಚರುಗಳು ಪಟ್ಟಿಯನ್ನೇ ಕೊಡುತ್ತಾರೆ: ಚೀಸ್, ಆಲಿವ್, ಬೇಯಿಸಿದ ಮೊಟ್ಟೆ, ಹೂರಣ ತುಂಬಿದ ಬೊರೆಕ್ ಎಂಬ ತಿನಿಸು, ಹಣ್ಣು. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದು ಮೊದಲೇ ತುರ್ಕಿಯಲ್ಲಿ ಒಂದು ಚೀಟಿ ಬರೆಸಿ ಕೊಟ್ಟೆವು. ಬೆಣ್ಣೆ ಜೇನು ಸವರಿ ಸುತ್ತಿದ ಚಪಾತಿಗೆ ಟೀಚರ್ ಸಂತೋಷದಿಂದ ಒಪ್ಪಿದರು. ಯುಫ್ಕಾ ಎಂಬ ತೆಳು ರೊಟ್ಟಿ ತಿಂದು ಬೆಳೆದ ಮಕ್ಕಳಿಗೆ ಅದು ಅಪರಿಚಿತವೂ ಆಗಲಿಲ್ಲ.

ಇನ್ನು ನೀವು. ಟೀಚರಿಗೆ ಇಂಗ್ಲಿಷ್ ಬರುತ್ತದೆ ಎಂಬ ಭರವಸೆ ಬೇಡ. ಊರೂರಿನಲ್ಲಿ ಹಾಲ್ಕ್ ಎಯಿತಿಮ್ ಮೆರ್ಕೆಜಿ ಎಂಬ ಸರ್ಕಾರಿ ಜನಶಿಕ್ಷಣ ಕೇಂದ್ರಗಳಿವೆ. ಅಲ್ಲಿ ತುರ್ಕಿ ಉಚಿತವಾಗಿ ಕಲಿಸುತ್ತಾರೆ. ಮಗುವಿನ ಜೊತೆಗೇ ನೀವೂ ಸೇರಿ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಅಂಟಿಕೊಳ್ಳುತ್ತದೆ, ಎಲ್ಲವೂ ಕನ್ನಡದ ಜಾಡಿನಲ್ಲೇ. ನನ್ನ ತರಗತಿಯಲ್ಲಿದ್ದ ಇಂಗ್ಲಿಷ್ ಮಾತೃಭಾಷೆಯವರು ತಿಣುಕುತ್ತಿದ್ದ ವಾಕ್ಯಗಳನ್ನು ನಾನು ಸಲೀಸಾಗಿ ಕಟ್ಟುತ್ತಿದ್ದೆ. ಮನೆಯಲ್ಲಿ ಮಾತ್ರ ಕನ್ನಡ ಬಿಡಬೇಡಿ. ಮಗುವಿಗೆ ನೆರವಾಗಲೆಂದು ಹರಕುಮುರುಕು ತುರ್ಕಿ ಮಾತಾಡಿದರೆ ಎರಡೂ ಕೆಡುತ್ತವೆ.

ಇಸ್ತಾಂಬುಲ್ ಬಳಿಯ ಗೆಬ್ಜೆಯಿಂದ ಒಬ್ಬ ತಂದೆ:

ಅಕ್ಕ ಬರೆದದ್ದು ಚಿಕ್ಕವನ ಮಟ್ಟಿಗೆ ನೂರಕ್ಕೆ ನೂರು ಸರಿ. ಹನ್ನೊಂದರ ಮಗಳ ಲೆಕ್ಕ ಬೇರೆ. 2012ರಿಂದ ಇಲ್ಲಿ ನಾಲ್ಕು, ನಾಲ್ಕು, ನಾಲ್ಕು ವರ್ಷಗಳ ಮೂರು ಹಂತ. ಐದನೇ ತರಗತಿಗೆ ಹೊಸ ಹಂತ, ವಿಷಯಕ್ಕೊಬ್ಬ ಶಿಕ್ಷಕರು. ನಮ್ಮ ಮಗಳನ್ನು ಐದಕ್ಕೇ ಸೇರಿಸಿದೆವು, ವಯಸ್ಸಿನ ಪ್ರಕಾರ ಆರಕ್ಕೂ ಹೋಗಬಹುದಿತ್ತು. ಐದರಲ್ಲಿ ಎಲ್ಲರೂ ಬೇರೆ ಬೇರೆ ಶಾಲೆಗಳಿಂದ ಬಂದ ಹೊಸಬರು, ಗೆಳೆತನದ ಗುಂಪುಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ: ದಾಖಲೆ ನೋಡಿ ಐದಕ್ಕೆ ಹಾಕುತ್ತಾರಾದರೆ ಒಪ್ಪಿಕೊಳ್ಳಿ, ಒಂದು ವರ್ಷ ಹಿಂದಾಯಿತೆಂದು ವಾದಕ್ಕೆ ಇಳಿಯಬೇಡಿ.

ಗಣಿತವೇ ಅವಳನ್ನು ಕಾಪಾಡಿತು. ಆದರೂ ಮನೆಪಾಠಕ್ಕೆ ಕೂತಾಗ ಎಚ್ಚರ ಬೇಕು. ಇಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. ಭಾಗಾಕಾರದಲ್ಲಿ ಭಾಜಕವನ್ನು ಬಲಗಡೆ ಬರೆಯುತ್ತಾರೆ. ನಮ್ಮ ರೀತಿಯಲ್ಲಿ ಹೇಳಿಕೊಟ್ಟರೆ ಮಗುವಿಗೆ ಗೊಂದಲ. ಅವರ ಪುಸ್ತಕ ನೋಡಿ ಮೊದಲು ನಾವು ಕಲಿಯಬೇಕು. ಪಠ್ಯಪುಸ್ತಕಗಳನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. ತುರ್ಕಿ ಭಾಷೆ, ವಿಜ್ಞಾನ, ಸಮಾಜಗಳಲ್ಲಿ ಮೊದಲ ವರ್ಷದ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾವು ವಾರಕ್ಕೆ ಎರಡು ಸಂಜೆ ಪಕ್ಕದ ಮನೆಯ ಕಾಲೇಜು ಹುಡುಗಿಯಿಂದ ಪಾಠ ಹೇಳಿಸಿದೆವು. ಆ ಹುಡುಗಿ ಮರುದಿನದ ಸಮಾಜ ಪಾಠವನ್ನು ಹಿಂದಿನ ಸಂಜೆಯೇ ಓದಿ ಅರ್ಥ ಹೇಳುತ್ತಿದ್ದಳು. ಆಗಿಹೋದ ಪಾಠವನ್ನು ಮತ್ತೆ ಹೇಳಿಸುವುದಕ್ಕಿಂತ ಇದೇ ಫಲ ಕೊಟ್ಟಿತು. ತರಗತಿಯಲ್ಲಿ ಕೈ ಎತ್ತುವ ಸಂತೋಷ ಅವಳಿಗೆ ಸಿಕ್ಕಿದ್ದು ಇದರಿಂದ.

ನಾಲ್ಕನೇ ತರಗತಿಯಿಂದ ಧರ್ಮ ಸಂಸ್ಕೃತಿ ಮತ್ತು ನೀತಿ ಪಾಠ ಕಡ್ಡಾಯ. ಸರ್ಕಾರದ ಶಿಕ್ಷಣ ಮಂಡಳಿಯ 1990ರ ತೀರ್ಮಾನದಂತೆ ವಿನಾಯಿತಿ ಹೆಸರಿಸಿರುವುದು ಕ್ರೈಸ್ತ ಮತ್ತು ಯಹೂದಿ ಮಕ್ಕಳಿಗೆ, ಹಿಂದೂಗಳ ಮಾತಿಲ್ಲ. ನಾವು ವಿನಾಯಿತಿ ಕೇಳಲೇ ಇಲ್ಲ. ಅಜಾನ್ ಎಂದರೇನು, ರಂಜಾನಿನಲ್ಲಿ ನೆರೆಯವರು ಏನು ಮಾಡುತ್ತಾರೆ ಎಂದು ತಿಳಿದುಕೊಂಡ ಮಗಳು ಬೀದಿಯಲ್ಲಿ ಹೆಚ್ಚು ನಿರಾಳವಾಗಿ ಓಡಾಡಿದಳು. ನಿಮಗೆ ಬೇಡವೆನಿಸಿದರೆ ಲಿಖಿತವಾಗಿಯೇ ಕೇಳಿ. ನವೆಂಬರ್ 10ರಂದು ಬೆಳಗ್ಗೆ 9.05ಕ್ಕೆ ಸೈರನ್ ಮೊಳಗಿದಾಗ ಗಣರಾಜ್ಯದ ಸ್ಥಾಪಕ ಅತಾತುರ್ಕ್ ನೆನಪಿಗೆ ಇಡೀ ದೇಶ ನಿಲ್ಲುತ್ತದೆ. ಸೋಮವಾರ ಬೆಳಗ್ಗೆ ಮತ್ತು ಶುಕ್ರವಾರ ಸಂಜೆ ರಾಷ್ಟ್ರಗೀತೆ. ಇವನ್ನು ಮಗಳಿಗೆ ಮೊದಲೇ ಹೇಳಿಡಿ.

ಮರಳುವ ಕಾಲವನ್ನು ಈಗಲೇ ಯೋಚಿಸಿ. ಎಂಟನೇ ತರಗತಿಯ ಕೊನೆಗೆ ಎಲ್‌ಜಿಎಸ್ ಎಂಬ ಪ್ರೌಢಶಾಲಾ ಪ್ರವೇಶ ಪರೀಕ್ಷೆ ಇದೆ, ಒಟ್ಟು 90 ಪ್ರಶ್ನೆಗಳು. ಕಡ್ಡಾಯವಲ್ಲ, ಬರೆಯದವರಿಗೆ ವಿಳಾಸದ ಆಧಾರದಲ್ಲಿ ಪ್ರೌಢಶಾಲೆ ಸಿಗುತ್ತದೆ. ಆದರೆ ಏಳನೇ ತರಗತಿಯಿಂದಲೇ ಇಡೀ ಶಾಲೆ ಅದರ ಬಿಸಿಯಲ್ಲಿರುತ್ತದೆ. ಊರಿಗೆ ಹೋಗುವುದು ಖಚಿತವಾದರೆ ಏಳು ಮುಗಿಯುತ್ತಲೇ ಹೊರಡಿ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಇದೆ, ಯಾವ ಪಠ್ಯಕ್ರಮದ ಶಾಲೆಯಲ್ಲೂ ಕನ್ನಡ ಎದುರಾಗುತ್ತದೆ. ಮಗಳ ಕನ್ನಡ ಬರವಣಿಗೆ ನಿಲ್ಲದಂತೆ ಭಾನುವಾರ ಒಂದು ಪುಟವಾದರೂ ಬರೆಸಿ. ಇಂಗ್ಲಿಷಿಗೂ ಮನೆಯೇ ಗತಿ: ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿಯಿಂದ ನಾಲ್ಕರವರೆಗೆ ವಾರಕ್ಕೆ ಎರಡು ಪೀರಿಯಡ್ ಮಾತ್ರ.

ಇಸ್ತಾಂಬುಲ್‌ನಿಂದ ಇನ್ನೊಬ್ಬ ತಾಯಿ:

ನಮ್ಮದು ಬೇರೆ ಕಥೆ. ಏಳನೇ ತರಗತಿಗೆ ನೇರವಾಗಿ ಸೇರಿಸಿದ ಮಗನನ್ನು ಒಂದು ವರ್ಷ ಆಗುತ್ತಲೇ ಬಿಡಿಸಿದೆವು. ಜನದಟ್ಟಣೆಯ ಬಡಾವಣೆ, ಎರಡು ಪಾಳಿಯ ಶಾಲೆ. ಮಧ್ಯಾಹ್ನದ ಪಾಳಿ ಸಿಕ್ಕಿ ಚಳಿಗಾಲದಲ್ಲಿ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ಯಾರೂ ಅವನನ್ನು ನೋಯಿಸಲಿಲ್ಲ. ಆದರೆ ಹದಿಮೂರರ ಹುಡುಗರು ಮಾತಿನಲ್ಲೇ ಬದುಕುತ್ತಾರೆ, ಮಾತಿಲ್ಲದವನು ಫುಟ್‌ಬಾಲ್ ಹೊತ್ತಿನಲ್ಲಿ ಬಿಟ್ಟರೆ ಉಳಿದ ದಿನವೆಲ್ಲ ಒಂಟಿ. ಅದೇ ಊರಿನಲ್ಲಿ ಅವನ ತಂಗಿ ಎರಡನೇ ತರಗತಿಯಲ್ಲಿ ಹೂವಿನಂತೆ ಅರಳಿದಳು. ಹನ್ನೆರಡು ದಾಟಿದ ಮಗುವನ್ನು ಆಸರೆಯಿಲ್ಲದೆ ಹಾಕಬೇಡಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ. ಶಾಲೆ ಒಂದೇ ಪಾಳಿಯದೋ ಎರಡೋ ಎಂದು ಮನೆ ಹಿಡಿಯುವ ಮೊದಲೇ ಕೇಳಿ.

ಅಂಕಾರಾದಿಂದ ಒಬ್ಬರು, ಕಾಗದಪತ್ರಗಳ ಬಗ್ಗೆ:

ಭಾರತ ಬಿಡುವ ಮೊದಲು ಜನನ ಪ್ರಮಾಣಪತ್ರ ಮತ್ತು ಶಾಲೆಯ ಅಂಕಪಟ್ಟಿಗಳಿಗೆ, ಹೊರದೇಶದಲ್ಲಿ ದಾಖಲೆ ಮಾನ್ಯವಾಗಲು ಬೇಕಾದ ಅಪಾಸ್ಟಿಲ್ ಮುದ್ರೆ ಹಾಕಿಸಿಕೊಳ್ಳಿ. ಎರಡೂ ದೇಶಗಳು ಆ ಒಪ್ಪಂದದಲ್ಲಿವೆ, ಇಲ್ಲಿಗೆ ಬಂದ ಮೇಲೆ ಅದನ್ನು ಮಾಡಿಸುವುದು ಹೈರಾಣು. ತುರ್ಕಿ ಅನುವಾದವನ್ನು ಇಲ್ಲೇ ಪ್ರಮಾಣೀಕೃತ ಅನುವಾದಕರಿಂದ ಮಾಡಿಸಿ, ನೋತೆರ್ ಎಂಬ ನೋಟರಿ ಕಚೇರಿಯಲ್ಲಿ ದೃಢೀಕರಿಸಿ.

ಮಕ್ಕಳಿಗೆ ವಾಸದ ಪರವಾನಗಿ ಬಂದಾಗ 99ರಿಂದ ಆರಂಭವಾಗುವ ವಿದೇಶಿ ಗುರುತಿನ ಸಂಖ್ಯೆ ಸಿಗುತ್ತದೆ. ವಿಳಾಸ ನೋಂದಾಯಿಸಿದ ಮೇಲೆ ಆ ವಿಳಾಸಕ್ಕೆ ಸೇರಿದ ಶಾಲೆಯೇ ನಿಮ್ಮದು. ಎ-ಒಕುಲ್ ಎಂಬ ಸರ್ಕಾರಿ ಜಾಲದಲ್ಲಿ ಹೆಸರು ಬರದಿದ್ದರೆ ಶಾಲೆಯಲ್ಲಿ ಕಾಯುತ್ತ ಕೂರದೆ ತಾಲ್ಲೂಕು ಮಟ್ಟದ ಶಿಕ್ಷಣ ಕಚೇರಿಗೆ ಹೋಗಿ. ಇನ್ನೊಂದು ಮಾತು: ವಿದೇಶಿಯರ ಪ್ರಮಾಣ ಶೇ 20 ದಾಟಿದ ಬಡಾವಣೆಗಳಲ್ಲಿ ಹೊಸ ವಿದೇಶಿಯರ ವಿಳಾಸ ನೋಂದಣಿಗೆ 2022ರಿಂದ ತಡೆ ಇದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಬಡಾವಣೆ ಆ ಪಟ್ಟಿಯಲ್ಲಿದೆಯೇ ನೋಡಿ. ದಾಖಲಾತಿಗೆ ದೇಣಿಗೆ ಕಡ್ಡಾಯವಲ್ಲ. ಪೋಷಕರ ಸಂಘ ಕೇಳಿದರೆ ಮನಸ್ಸಿದ್ದಷ್ಟು ಕೊಟ್ಟು ರಸೀದಿ ಪಡೆಯಿರಿ. ಶಾಲೆ ಶುರುವಾಗುವುದು ಸೆಪ್ಟೆಂಬರಿನಲ್ಲಿ, ನೀವು ಜುಲೈಯಲ್ಲೇ ಬಂದಿಳಿದರೆ ಇಷ್ಟಕ್ಕೂ ಸಮಯ ಸಿಗುತ್ತದೆ.