ಪದಚರ್ಚೆ: ಜಪಾನಿ ‘ತಾತೆಗಾಕಿ’, ‘ಗೆಂಕೋ ಯೋಶಿ’ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಫೋನಿನಲ್ಲಿ ಜಪಾನಿ ಕತೆ, ಪ್ರಬಂಧ ಬರೆಯುವ ಒಂದು ಆ್ಯಪ್‌ನ ಮೆನು ಕನ್ನಡಕ್ಕೆ ಬರುತ್ತಿದೆ. ಬಳಸುವವರು ಜಪಾನಿ ಕಲಿಯುತ್ತಿರುವ ಕನ್ನಡಿಗರು. ಐದು ಗುಂಡಿಗಳ ಹೆಸರು ಸಂಜೆ ಆರರೊಳಗೆ ಹೋಗಬೇಕು.

(ಅ) ತಾತೆಗಾಕಿ: ಮೇಲಿನಿಂದ ಕೆಳಕ್ಕೆ ಬರೆದು, ಸಾಲುಗಳು ಬಲದಿಂದ ಎಡಕ್ಕೆ ಸಾಗುವ ಬರವಣಿಗೆ
(ಆ) ಗೆಂಕೋ ಯೋಶಿ: 20 × 20, ಒಟ್ಟು 400 ಚೌಕಗಳ ಹಾಳೆ
(ಇ) ರುಬಿ: ಕಾಂಜಿಯ (ಚೀನಿ ಮೂಲದ ಅಕ್ಷರದ) ಪಕ್ಕ ಸಣ್ಣಕ್ಷರದಲ್ಲಿ ಬರುವ ಉಚ್ಚಾರ
(ಈ) ತಾತೆ-ಚೂ-ಯೋಕೊ: ಒಂದೇ ಚೌಕದೊಳಗೆ ಎರಡು ಅಂಕಿಗಳನ್ನು ಅಕ್ಕಪಕ್ಕ ಕೂರಿಸುವುದು
(ಉ) ಬುರಾಸಾಗೆ: ಸಾಲು ತುಂಬಿದ ಮೇಲೆ ಬರುವ ವಿರಾಮಚಿಹ್ನೆಯನ್ನು ಕೊನೆಯ ಚೌಕದ ಕೆಳಗೆ ನೇತುಹಾಕುವುದು

ಗುಂಡಿಯಲ್ಲಿ 12 ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಯಂತ್ರಾನುವಾದ ಕೊಟ್ಟದ್ದು ‘ಲಂಬ ಹಸ್ತಪ್ರತಿ ಸ್ವರೂಪಣೆ’. ಇದನ್ನು ಓದಿ ಯಾರೂ ಗುಂಡಿ ಒತ್ತುವುದಿಲ್ಲ.

ಮರು:

> ಲಂಬ

ಬೇಡ. ರೇಖಾಗಣಿತದಲ್ಲಿ ಲಂಬ ಅಂದರೆ ಇನ್ನೊಂದು ಗೆರೆಗೆ 90 ಡಿಗ್ರಿಯಲ್ಲಿ ನಿಂತದ್ದು. ಆ ಗೆರೆ ಓರೆಯಾಗಿದ್ದರೆ ಲಂಬವೂ ಓರೆಯೇ. ಧಾತು ‘ಲಂಬ್’, ಜೋತುಬೀಳು ಅಂತ ಅರ್ಥ. ಆಲಂಬನ, ವಿಳಂಬ, ಲಂಬೋದರ ಎಲ್ಲ ಅಲ್ಲಿಂದಲೇ ಬಂದವು. ಹಾಗೆ ನೋಡಿದರೆ ‘ಲಂಬ’ ಒಪ್ಪುವುದು ನಿಮ್ಮ (ಉ)ಗೆ. ಗಣಿತದ ಪಾಠಗಳಲ್ಲಿ ಅಡ್ಡಸಾಲು, ನೀಟಸಾಲು ಎಂಬ ಜೋಡಿ ಇದೆ. ‘ನೀಳ’ದ ಬಳಗದ್ದು, ಅಚ್ಚಗನ್ನಡ. (ಅ) ನೀಟಬರಹ. ಮುಗಿಯಿತು.

ಮರು:

ಮುಗಿಯಲಿಲ್ಲ. ‘ನೀಟಬರಹ’ ನೋಡಿದ ಹತ್ತು ಜನರಲ್ಲಿ ಒಂಬತ್ತು ಮಂದಿ ‘ಅಕ್ಷರ ನೀಟಾಗಿ ಬರೆಯೋದು’ ಅಂದುಕೊಳ್ಳುತ್ತಾರೆ. ಇಂಗ್ಲಿಷಿನ ನೀಟು ನಮ್ಮ ನೀಟವನ್ನು ನುಂಗಿ ಎಷ್ಟೋ ಕಾಲವಾಯಿತು. ಕಂಬಸಾಲು ಅನ್ನಿ. ಕೋಷ್ಟಕಗಳಲ್ಲಿ ಬಳಕೆಯಲ್ಲಿರುವ ಮಾತು.

ಮರು:

> ಹಸ್ತಪ್ರತಿ

ಫೋನಿನಲ್ಲಿ ಹಸ್ತ ಎಲ್ಲಿದೆ? ಇರುವುದು ಹೆಬ್ಬೆರಳು. ನಮ್ಮಲ್ಲಿ ‘ಕಡತ’ ಇದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲುಪುಡಿ ಬಳಿದು ಕಪ್ಪು ಮಾಡಿ, ಅಡ್ಡಡ್ಡ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಅಳಿಸಬಹುದು, ತಿದ್ದಬಹುದು. ಫೋನಿನ ಬರಹಕ್ಕೆ ಇದಕ್ಕಿಂತ ಹತ್ತಿರದ್ದು ಬೇಕೇ? (ಆ) ಕಡತ. (ಇ) ಪಕ್ಕೋದು, ಅಂದರೆ ಪಕ್ಕ + ಓದು. (ಈ) ಒಳಗಡ್ಡ, ಅಂದರೆ ಒಳಗೆ + ಅಡ್ಡ. ಸಕ್ಕದವೂ (ಸಂಸ್ಕೃತವೂ) ಬೇಡ, ಇಂಗ್ಲಿಷೂ ಬೇಡ.

ಮರು:

ಕಡತ ಅಂದರೆ ಇವತ್ತು ತಾಲ್ಲೂಕು ಕಚೇರಿಯಲ್ಲಿ ಕಾಣೆಯಾಗುವಂಥದ್ದು. ‘ಒಳಗಡ್ಡ’ದ ಬಗ್ಗೆ ಮಾತಾಡದಿರುವುದೇ ಲೇಸು. ಕ್ಷೌರದಂಗಡಿಯ ಆ್ಯಪ್ ಬಂದಾಗ ನೋಡೋಣ.

ಮರು:

ಪದ ಕಟ್ಟುವ ಮೊದಲು ಆ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ನೋಡಿ.

ಗೆಂಕೋ ಯೋಶಿ ಬರೀ ಹಾಳೆಯಲ್ಲ, ಅಳತೆ. ಜಪಾನಿನ ಸಾಹಿತ್ಯ ಸ್ಪರ್ಧೆಗಳಲ್ಲಿ ‘400 ಚೌಕದ ಹಾಳೆಯ ಲೆಕ್ಕದಲ್ಲಿ ಇಂತಿಷ್ಟು ಹಾಳೆ’ ಎಂದು ಮಿತಿ ಹಾಕುತ್ತಾರೆ. ಆದರೆ ಅಚ್ಚು ಹಾಕಿದ ಪ್ರತಿಯನ್ನು ಅನೇಕ ಕಡೆ ಚೌಕದ ಗೆರೆ ಇಲ್ಲದೆ, ಅಡ್ಡ ಮಲಗಿಸಿದ ಎ4 ಹಾಳೆಯಲ್ಲಿ ಕೇಳುತ್ತಾರೆ. ಅಂದರೆ (ಆ) ಒತ್ತಿದವನಿಗೆ ಬೇಕಿರುವುದು ಹೆಚ್ಚಾಗಿ ಗೆರೆಯಲ್ಲ, ಲೆಕ್ಕ. ಅಕ್ಷರಗಳ ಮೊತ್ತವನ್ನು 400ರಿಂದ ಭಾಗಿಸಿದರೆ ಉತ್ತರ ಕಡಿಮೆ ಬರುತ್ತದೆ, ಯಾಕೆಂದರೆ ಪ್ಯಾರಾ ಮುಗಿದಾಗ ಖಾಲಿ ಉಳಿಯುವ ಚೌಕಗಳೂ ಎಣಿಕೆಗೆ ಸೇರುತ್ತವೆ. ಪುಟಕ್ಕೆ 40 × 40 ಇಟ್ಟುಕೊಂಡು ‘1600, ಹಾಗಾದರೆ ನಾಲ್ಕು ಹಾಳೆ’ ಎಂದರೆ ಹೆಚ್ಚು ಬರುತ್ತದೆ. ಪುಟ ತುಂಬ ಚುಟುಕು ಸಂಭಾಷಣೆಯ 40 ಸಾಲು ಇದ್ದರೆ 20ರ ಹಾಳೆಯಲ್ಲಿ ಅದು ಎರಡೇ ಹಾಳೆ. 20 × 20ರೊಳಗೆ ಪೂರ್ತಿ ಹರಿಸಿಯೇ ಎಣಿಸಬೇಕು. ‘ನನ್ನ ಕತೆ 30 ಕಡತ’ ಅನ್ನಲಾಗುತ್ತದೆಯೇ? ‘30 ಚೌಕಹಾಳೆ’ ಅನ್ನಬಹುದು.

ಇನ್ನು ಫೋನಿನಲ್ಲಿ ಎಲ್ಲಿ ಎಡವಟ್ಟಾಗುತ್ತದೆ ಅಂತ. ಸಹಾಯಪುಟಕ್ಕೆ ಇದೂ ಬೇಕಾದೀತು.

ಫೋನು ನೆಟ್ಟಗೆ ಹಿಡಿದರೆ ಪರದೆಯ ಅಗಲ ಸಾಮಾನ್ಯವಾಗಿ 360ರಿಂದ 412 ಸಿಎಸ್‌ಎಸ್ ಪಿಕ್ಸೆಲ್ (ಪುಟವಿನ್ಯಾಸ ಬರೆಯುವಾಗಿನ ಅಳತೆ). 20 ಸಾಲು ತುರುಕಿದರೆ ಸಾಲಿಗೆ ಸಿಗುವುದು 18ರಿಂದ 20. ರುಬಿಯ ಸಂದು ಕಳೆದರೆ ಅಕ್ಷರ ಓದಲಾಗದಷ್ಟು ಸಣ್ಣದು. ಆದ್ದರಿಂದ ಅರ್ಧ ಹಾಳೆ ತೋರಿಸಿ: ಅಕ್ಷರ 18, ಸಾಲಿನ ಅಂತರ 2 ಪಟ್ಟು, 10 ಸಾಲಿಗೆ ಸರಿಯಾಗಿ 360. ಉಳಿದರ್ಧ ಪಕ್ಕಕ್ಕೆ ಸರಿಸಿದಾಗ ಬರಲಿ. ಸಾಲಿನ ಉದ್ದವನ್ನು ‘20 ಎಮ್’ (ಒಂದು ಎಮ್ ಅಂದರೆ ಒಂದು ಅಕ್ಷರದ ಅಳತೆ) ಎಂದೇ ಕಟ್ಟಿಹಾಕಿ. ಪರದೆಯ ಎತ್ತರದ ಶೇಕಡಾ ಲೆಕ್ಕದಲ್ಲಿ ಕೊಟ್ಟರೆ ಕೀಲಿಮಣೆ ಮೇಲೆದ್ದ ಕೂಡಲೇ ಸಾಲು ಕುಗ್ಗಿ, ಬರೆಯುತ್ತಿರುವಾಗಲೇ ಇಡೀ ಹಾಳೆ ಹೊಸದಾಗಿ ಮುರಿದುಕೊಳ್ಳುತ್ತದೆ. ಸಾಲಿನ ದಿಕ್ಕು ಹೇಳುವ ‘ರೈಟಿಂಗ್-ಮೋಡ್’ಗೆ ‘ವರ್ಟಿಕಲ್-ಆರ್‌ಎಲ್’ ಕೊಡಿ. ಸಾಲುಗಳ ತುದಿ ಸಮ ಮಾಡುವ ‘ಜಸ್ಟಿಫೈ’ ಮಾತ್ರ ಬೇಡ, ಅಕ್ಷರಗಳು ಚೌಕ ಬಿಟ್ಟು ಜಾರುತ್ತವೆ.

ಭಾಷೆ ಜಪಾನಿ ಎಂದು ಕಡತದಲ್ಲಿ (ಕ್ಷಮಿಸಿ, ಫೈಲಿನಲ್ಲಿ) ನಮೂದಿಸಲೇಬೇಕು. ಚೀನಿ, ಜಪಾನಿ ಕಾಂಜಿಗಳಿಗೆ ಯೂನಿಕೋಡ್‌ನಲ್ಲಿ ಬಹುಪಾಲು ಒಂದೇ ಸಂಕೇತ (ಕಂಪ್ಯೂಟರು ಅಕ್ಷರವನ್ನು ಗುರುತಿಸುವ ಸಂಖ್ಯೆ). ನಮೂದಿಸದಿದ್ದರೆ ಫೋನು ಚೀನಿ ಫಾಂಟ್ ಎತ್ತಿಕೊಳ್ಳಬಹುದು. ಅದು ಸಾಂಪ್ರದಾಯಿಕ ಚೀನಿಯದಾದರೆ ಪೂರ್ಣವಿರಾಮದ ಸೊನ್ನೆ ಚೌಕದ ನಟ್ಟನಡುವೆ ಕೂರುತ್ತದೆ. ಜಪಾನಿ ಕಂಬಸಾಲಿನಲ್ಲಿ ಅದರ ಜಾಗ ಚೌಕದ ಮೇಲಿನ ಬಲಮೂಲೆ.

ಪ್ಯಾರಾದ ಮೊದಲ ಚೌಕ ಖಾಲಿ. ಅಲ್ಲಿ ನಮ್ಮ ಮಾಮೂಲಿ ಸ್ಪೇಸ್ ಒತ್ತಿದರೆ ಅದು ಅರೆ ಅಗಲದ್ದಾಗಿ, ಸಾಲಿಡೀ ಅರ್ಧ ಚೌಕ ತಪ್ಪುತ್ತದೆ. ಜಪಾನಿ ಕೀಲಿಮಣೆಯ ಪೂರ್ಣ ಅಗಲದ ಸ್ಪೇಸ್, ಅಂದರೆ ಯೂನಿಕೋಡ್ 3000, ಬೇಕು. ಲೋಪಬಿಂದುಗಳಿಗೆ ಮೂರು ಚುಕ್ಕಿಯ ಒಂದು ಚಿಹ್ನೆಯನ್ನು ಎರಡು ಸಲ ಹಾಕಿ ಎರಡು ಚೌಕ ತುಂಬಬೇಕು. ಉದ್ದಗೆರೆಯೂ ಹಾಗೆಯೇ ಎರಡು ಚೌಕ. ದೀರ್ಘಸ್ವರದ ಗೆರೆ, ಉದ್ದಗೆರೆ, ‘ಒಂದು’ ಎಂಬ ಕಾಂಜಿ ಈ ಮೂರೂ ಅಡ್ಡ ಬರಹದಲ್ಲಿ ಒಂದೇ ಥರ ಕಾಣುತ್ತವೆ. ಕಂಬಸಾಲಿಗೆ ತಿರುಗಿಸಿದಾಗ ಮೊದಲೆರಡು ಎದ್ದು ನಿಲ್ಲುತ್ತವೆ, ಕಾಂಜಿ ಮಲಗಿಯೇ ಇರುತ್ತದೆ. ತಪ್ಪು ಒತ್ತಿದ್ದು ಗೊತ್ತಾಗುವುದೇ ಆಗ.

ಅಂಕಿ ಒಂದಾದರೆ ಪೂರ್ಣ ಅಗಲದ್ದು, ಒಂದು ಚೌಕ. ಎರಡಾದರೆ (ಈ). ಮೂರು ಅಥವಾ ಹೆಚ್ಚಾದರೆ ಕಾಂಜಿ ಅಂಕಿಯಲ್ಲಿ ಚೌಕಕ್ಕೊಂದು. ಅರೆ ಅಗಲದ ಅಂಕಿ ಹಾಗೇ ಬಿಟ್ಟರೆ ಪಕ್ಕಕ್ಕೆ ಬಿದ್ದುಕೊಳ್ಳುತ್ತದೆ. ಅಂದಹಾಗೆ (ಈ)ಯನ್ನು ಆಶ್ಚರ್ಯ-ಪ್ರಶ್ನೆ ಚಿಹ್ನೆಗಳ ಜೋಡಿಗೂ ಬಳಸುತ್ತಾರೆ, ಹೆಸರಿನಲ್ಲಿ ‘ಅಂಕಿ’ ತರಬೇಡಿ. ಗುಂಡಿ ಮಾಡುವ ಕೆಲಸವನ್ನೇ ಹೇಳಲಿ: ‘ಒಂದೇ ಮನೆಗೆ’. ಚೌಕಾಬಾರ ಆಡಿದವರಿಗೆ ಚೌಕ ಅಂದರೆ ಮನೆಯೇ.

ಮರು:

ಇಷ್ಟುದ್ದ ಬರೆದವರು ತತ್ತ್ವವನ್ನೇ ಬಿಟ್ಟರು. ಜಪಾನಿಯಲ್ಲಿ ‘ತಾತೆಗಾಕಿ’ ಅವರ ಸ್ವಂತ ಮಾತು. ‘ಗೆಂಕೋ ಯೋಶಿ’ ಚೀನಿಯಿಂದ ಬಂದ ಬೇರುಗಳದ್ದು. ಅವರಿಗೆ ಚೀನಿ ಹೇಗೋ ನಮಗೆ ಸಂಸ್ಕೃತ ಹಾಗೆ. ಆದ್ದರಿಂದ (ಅ)ಗೆ ಕನ್ನಡದ ಪದ, (ಆ)ಗೆ ಸಂಸ್ಕೃತದ ಪದ ಇಡುವುದೇ ನ್ಯಾಯ: ಕಂಬಸಾಲು, ಲೇಖನಪತ್ರ. ಅವರ ಕಾನಾ (ಉಚ್ಚಾರ ಸೂಚಿಸುವ) ಅಕ್ಷರಗಳ ವರಸೆಯೂ ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳು ಸಂಸ್ಕೃತಕ್ಕೆ ಬಳಸುತ್ತಿದ್ದ ಸಿದ್ಧಂ ಲಿಪಿಯ ಓದಿನಿಂದ ಹೋದ ವರ್ಣಮಾಲೆಯ ಕ್ರಮ ಅದು. ಸಂಸ್ಕೃತ ಅಂದ ಕೂಡಲೇ ಮೂಗು ಮುರಿಯುವವರು ಗಮನಿಸಿ.

ಮರು:

ಲೇಖನಪತ್ರ ಅಂದರೆ ಸ್ಟೇಷನರಿ ಅಂಗಡಿ. ಮುಂದಿನದು?

ಮರು:

ಗುಂಡಿ ಒತ್ತುವವನಿಗೆ ಚೀನಿ ಬೇರಿನ ವಿಷಯ ಯಾಕೆ? ಇನ್ನು ರುಬಿ. ಅದು ಜಪಾನಿಯೂ ಅಲ್ಲ. ಐದೂವರೆ ಪಾಯಿಂಟಿನ ಅಚ್ಚುಮೊಳೆಗೆ ಇಂಗ್ಲೆಂಡಿನ ಮುದ್ರಕರು ಇಟ್ಟಿದ್ದ ಹೆಸರು ರೂಬಿ, ಮಾಣಿಕ್ಯ. ಜಪಾನಿನ ಮುದ್ರಕರು ಪಕ್ಕದ ಸಣ್ಣಕ್ಷರಕ್ಕೆ ಅದೇ ಹೆಸರನ್ನು ಎತ್ತಿಕೊಂಡರು, ಈಗ ಜಗತ್ತೆಲ್ಲ ಅವರಿಂದ ವಾಪಸು ಪಡೆದಿದೆ. ‘ಪಕ್ಕೋದು’ ಅನ್ನುವವರು ರಿಕ್ಷಾಕ್ಕೆ ಏನನ್ನುತ್ತೀರಿ? ಜಿನ್‌ರಿಕಿಶಾದ ತುಂಡು ಅದು. ಸುನಾಮಿ, ಇಮೋಜಿ? ಎರವಲು ನಿಲ್ಲಿಸಬೇಕಾದರೆ ಮೊದಲು ‘ಕಾಗದ’ ಬಿಡಿ, ಅದು ಪಾರಸಿಯ ಮೂಲಕ ಬಂದದ್ದು.

ಮರು:

ಕಾಗದ ಬಿಟ್ಟೇ ‘ಹಾಳೆ’ ಅಂದದ್ದು. ಅಡಿಕೆ ಹಾಳೆ ಯಾವ ದೇಶದಿಂದ ಬಂತು ಹೇಳಿ. ರಿಕ್ಷಾ ಬೀದಿಯಲ್ಲಿ ಓಡಾಡಿ ಕನ್ನಡವಾಯಿತು. ರುಬಿ ಯಾವ ಬೀದಿಯಲ್ಲಿ ಓಡಿದೆ?

ಮರು:

ಅರಿಸಮಾಸದ (ಸಂಸ್ಕೃತ, ಕನ್ನಡ ಪದಗಳ ಸಲ್ಲದ ಜೋಡಣೆಯ) ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. ಚೌಕಹಾಳೆ ಸರಿ, ‘ಚತುಷ್ಕ’ದಿಂದ ತದ್ಭವವಾದದ್ದು ಚೌಕ. ಕಂಬಸಾಲೂ ಸರಿ, ‘ಸ್ತಂಭ’ದ ತದ್ಭವ ಕಂಬ. (ಉ)ಗೆ ‘ಜೋಲುಚಿಹ್ನೆ’ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅದು ಅರಿಸಮಾಸ. ಜೋಲುಗುರುತು ಅನ್ನಿ.

ಮರು:

ಒಂದು ತಾಂತ್ರಿಕ ಮಾತು. ಈ ಆ್ಯಪ್‌ನಲ್ಲಿ ಯಾರೋ ಜಪಾನಿ ಕಂಬಸಾಲಿನ ನಡುವೆ ಒಂದು ಕನ್ನಡ ಪದ ಹಾಕಿಯೇ ಹಾಕುತ್ತಾರೆ. ಯೂನಿಕೋಡ್‌ನ 50ನೇ ಅನುಬಂಧದ ಪ್ರಕಾರ ಕನ್ನಡ ‘ತಿರುಗಿಸು’ ಗುಂಪಿನಲ್ಲಿದೆ, ಅಂದರೆ ಪದ ಬಲಕ್ಕೆ 90 ಡಿಗ್ರಿ ಮಲಗುತ್ತದೆ. ಅದು ಸರಿಯಾದದ್ದೇ, ತಪ್ಪೆಂದು ವರದಿ ಮಾಡಬೇಡಿ. ನಮ್ಮ ಲಾಡ್ಜ್ ಬೋರ್ಡುಗಳ ಹಾಗೆ ಅಕ್ಷರದ ಕೆಳಗೆ ಅಕ್ಷರ ಬೇಕೆಂದರೆ ತುಂಡರಿಸುವುದು ಅಕ್ಷರಕ್ಕೆ, ಸಂಕೇತಕ್ಕಲ್ಲ. ‘ಪುಸ್ತಕ’ ಮೂರು ಅಕ್ಷರ: ಪು, ಸ್ತ, ಕ. ಸಂಕೇತ ಆರು: ಪ, ಕೊಂಬು, ಸ, ಹಲಂತದ ಗುರುತು, ತ, ಕ. ಸಂಕೇತ ಎಣಿಸಿ ಕತ್ತರಿಸಿದರೆ ಆರು ಚೌಕ, ಅದರಲ್ಲಿ ಕೊಂಬು ಒಂಟಿಯಾಗಿ ಚುಕ್ಕಿವೃತ್ತಕ್ಕೆ ಅಂಟಿಕೊಂಡು ನಿಂತಿರುತ್ತದೆ. ಒತ್ತಕ್ಷರ ಕೆಳಗಿನ ಚೌಕಕ್ಕೆ ಇಳಿಯುವುದರಿಂದ ಅಲ್ಲಿ ಅಂತರವನ್ನೂ ಹೆಚ್ಚು ಕೊಡಬೇಕು. ನಿಮ್ಮ ‘12 ಅಕ್ಷರ’ದ ಮಿತಿಯೂ ಸಂಕೇತದ ಲೆಕ್ಕವೋ ಅಕ್ಷರದ ಲೆಕ್ಕವೋ ಕೇಳಿಕೊಳ್ಳಿ.

ಮರು:

ಕೇಳಿದೆ, ಸಂಕೇತದ ಲೆಕ್ಕವಂತೆ. ‘ಕಂಬಸಾಲು’ 7, ‘ಚೌಕಹಾಳೆ’ 7, ಎರಡೂ ಹಿಡಿಯುತ್ತವೆ. ಕಳಿಸುತ್ತಿರುವುದು: (ಅ) ಕಂಬಸಾಲು, (ಆ) ಚೌಕಹಾಳೆ, (ಇ) ರುಬಿ, (ಈ) ಒಂದೇ ಮನೆಗೆ, (ಉ) ಜೋಲುಗುರುತು. ರುಬಿಯ ಸಹಾಯಸಾಲಿನಲ್ಲಿ ‘ಪಕ್ಕದ ಉಚ್ಚಾರ’ ಎಂದಿರುತ್ತದೆ. ಉಳಿದದ್ದು ಒಂದೇ: ರುಬಿಯನ್ನು ಬಳಕೆದಾರರು ಹೇಗೆ ಒತ್ತಬೇಕು ಎಂದು ಎರಡು ಸಾಲು ಬೇಕು.

ಮರು:

ಅಓಜೋರಾ ಬುಂಕೊ ಎಂಬ ಜಪಾನಿ ಜಾಲಗ್ರಂಥಾಲಯದ ರೂಢಿಯನ್ನೇ ಹಿಡಿಯಿರಿ, ಬೇರೆ ಕಡೆಯೂ ಅದೇ ನಡೆಯುತ್ತದೆ. ಕಾಂಜಿ ಬರೆದು, ಅದಕ್ಕಂಟಿಕೊಂಡೇ ಜೋಡಿ ಮೊನೆಯಾವರಣದೊಳಗೆ (《 》) ಉಚ್ಚಾರ. ರುಬಿ ಎಲ್ಲಿಂದ ಶುರು ಎಂದು ಹೇಳಬೇಕಾದಾಗ, ಉದಾಹರಣೆಗೆ ಆ ಪದದಲ್ಲೇ ಕಾನಾ ಬೆರೆತಿದ್ದಾಗ, ಪದದ ಮೊದಲು ಪೂರ್ಣ ಅಗಲದ ನಿಂತ ಗೆರೆ (｜). ಎರಡು ‘ಕಿರಿದು’ ಚಿಹ್ನೆ ಒತ್ತಿ ಆವರಣ ಎಂದುಕೊಂಡರೆ ಆ್ಯಪ್ ಅದನ್ನು ಗುರುತಿಸುವುದಿಲ್ಲ, ಇದನ್ನು ಸಹಾಯಸಾಲಿನಲ್ಲೇ ಹಾಕಿ.

ಮರು:

ಪಕ್ಕೋದು ಅಂದಿದ್ದರೆ ಸಹಾಯಸಾಲೇ ಬೇಕಿರಲಿಲ್ಲ.